ಮೈಕೆಲ್, ಕಾಲಿನ್ಸ್, ವೆಸ್ಟ್: ನೈನರ್ಸ್ ಡಿ-ಲೈನ್ ಹುಡುಗರಿಗೆ ಎಷ್ಟು ವರ್ಷ ಕಾಯೋದು?

ಸನ್ನಿವೇಲ್_ಸೀನ

ಎಲ್ಲರಿಗೂ ನಮಸ್ಕಾರ. ನೈನರ್ಸ್, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ 49ers ಅನ್ನುವ ಅಮೆರಿಕನ್ ಫುಟ್‌ಬಾಲ್ ಟೀಮಿನ ಲೀವೈಸ್ ಸ್ಟೇಡಿಯಂ ಶುರುವಾದ 2014ರಲ್ಲೇ ನಾನೂ ಇಲ್ಲಿಗೆ ಬಂದೆ. ಮೊದಲ ಎರಡು ವರ್ಷ ಈ ಆಟ ಅಂದರೆ ಟ್ರಾಫಿಕ್ ಜಾಮ್ ಅಂತಷ್ಟೇ ಗೊತ್ತಿತ್ತು. ಈಗ ಭಾನುವಾರ ನನ್ನನ್ನು ಮಾತಾಡಿಸುವುದನ್ನೇ ಮನೆಯವರು ಬಿಟ್ಟಿದ್ದಾರೆ.

ವಿಷಯ ಇದು. 2025ರ ಮಾರ್ಚ್‌ನಲ್ಲಿ ನೈನರ್ಸ್‌ನವರು ಡಿ-ಲೈನ್‌ನ (ಎದುರಾಳಿಯನ್ನು ತಡೆಯುವುದಕ್ಕೆ ಮುಂದಿನ ಸಾಲಿನಲ್ಲಿ ನಿಲ್ಲುವವರು) ಹಾರ್‌ಗ್ರೇವ್, ಮಲೀಕ್ ಕಾಲಿನ್ಸ್, ಲೆನರ್ಡ್ ಫ್ಲಾಯ್ಡ್ ಮೂವರನ್ನೂ ಕೈಬಿಟ್ಟರು. ಏಪ್ರಿಲ್ ಡ್ರಾಫ್ಟ್‌ನಲ್ಲಿ (ಟೀಮುಗಳು ಸರದಿ ಪ್ರಕಾರ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದು) 11ನೇ ನಂಬರಿಗೆ ಮೈಕೆಲ್ ವಿಲಿಯಮ್ಸ್, 43ಕ್ಕೆ ಆಲ್‌ಫ್ರೆಡ್ ಕಾಲಿನ್ಸ್, 113ಕ್ಕೆ ಸಿ.ಜೆ. ವೆಸ್ಟ್. ಹಳೇ ಮನೆ ಕೆಡವಿ ಹೊಸದಾಗಿ ಪಾಯ ತೋಡಿದ ಹಾಗೆ. ಆಮೇಲೆ ಆದದ್ದು ನಿಮಗೇ ಗೊತ್ತು. ಸೀಸನ್ನಿನ ಮೂರನೇ ವಾರ ನಮ್ಮ ಡಿ-ಲೈನ್ ಸ್ಟಾರ್ ನಿಕ್ ಬೋಸಾ ಮೊಣಕಾಲು ಹೋಯಿತು. ನವೆಂಬರ್ 2ಕ್ಕೆ ಜೈಂಟ್ಸ್ ಮೇಲೆ ಮೈಕೆಲ್ ಮೊಣಕಾಲೂ ಹೋಯಿತು. ಇಬ್ಬರದೂ ಎಸಿಎಲ್, ಮೊಣಕಾಲಿನ ಒಳಗಿನ ಕಟ್ಟು, ಹರಿಯಿತು.

ಮೈಕೆಲ್ ಆಡಿದ್ದು ಒಂಬತ್ತು ಮ್ಯಾಚ್, ಸ್ಯಾಕ್ (ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆಯುವ ಮೊದಲೇ ಕೆಡವುವುದು) ಒಂದೇ ಒಂದು. ಆಫೀಸಿನಲ್ಲಿ ಪಕ್ಕದ ಸೀಟಿನವನು "ಬಸ್ಟ್", ದಂಡಕ್ಕೆ ತಗೊಂಡವನು, ಅಂತ ಆಗಲೇ ಮುದ್ರೆ ಒತ್ತಿಬಿಟ್ಟ. ನಾನು ಜಗಳ ಆಡಿದೆ. ನಿಜ ಹೇಳಬೇಕಂದರೆ ನನ್ನ ಹತ್ತಿರ ವಾದವೇ ಇರಲಿಲ್ಲ, ಯಾಕೆಂದರೆ ನಾನು ನೋಡುವುದು ಚೆಂಡನ್ನು. ಮುಂದಿನ ಸಾಲಿನ ಹುಡುಗ ಚೆನ್ನಾಗಿ ಬೆಳೆಯುತ್ತಿದ್ದಾನೋ ಇಲ್ಲವೋ ಅಂತ ನೀವೆಲ್ಲ ಹೇಗೆ ಅಳೆಯುತ್ತೀರಿ?

ಡಲ್ಲಾಸ್_ದಾಸ

ಬಸ್ಟ್. ಮುಂದಿನ ಪ್ರಶ್ನೆ?

ಫ್ರೀಮಾಂಟ್_ಪದ್ದು

ಮೈಕಾ ಪಾರ್ಸನ್ಸ್‌ನಂಥ ಡಿ-ಲೈನ್ ಸ್ಟಾರನ್ನು ಸೀಸನ್ ಶುರುವಾಗುವ ವಾರ ಮುಂಚೆ ಗ್ರೀನ್ ಬೇಗೆ ಕೊಟ್ಟು ಕೂತ ಡಲ್ಲಾಸ್‌ನವರು ಡಿ-ಲೈನ್ ಬಗ್ಗೆ ಬಾಯಿ ತೆಗೆಯಬಾರದು ಅಂತ ಇಲ್ಲಿ ಒಂದು ರೂಲ್ ಮಾಡೋಣವಾ?

ಡಲ್ಲಾಸ್_ದಾಸ

😐 ಗಾಯಕ್ಕೆ ಉಪ್ಪು.

ಗರಡಿಮನೆ_ಗಣಿ

ಸೀನಣ್ಣ, ಒಳ್ಳೆ ಪ್ರಶ್ನೆ. ನಮ್ಮ ತಾತ ಮೈಸೂರಲ್ಲಿ ಗರಡಿಗೆ ಹೋಗುತ್ತಿದ್ದವರು. ಪೈಲ್ವಾನರು ಅಖಾಡಕ್ಕೆ ಇಳಿದಾಗ ಮುಖ ನೋಡಬೇಡ, ಕೈ ಎಲ್ಲಿ ಹೋಗುತ್ತೆ ನೋಡು, ಸೊಂಟ ಎಷ್ಟು ಕೆಳಗಿದೆ ನೋಡು ಅನ್ನುತ್ತಿದ್ದರು. ಡಿ-ಲೈನ್ ನೋಡುವುದಕ್ಕೂ ಅದೇ ಲೆಕ್ಕ.

ಚೆಂಡು ಅಲ್ಲಾಡಿದ ಕ್ಷಣ ಮೊದಲ ಹೆಜ್ಜೆ ಯಾರದ್ದು? ಕೈ ಎದುರಾಳಿಯ ಎದೆಯ ಒಳಭಾಗಕ್ಕೆ ಬಿತ್ತೋ ಅಥವಾ ಭುಜದ ಹೊರಗೆ ಬಿತ್ತೋ? ಒಳಗೆ ಬಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲ ಪಟ್ಟು ಕೆಲಸ ಮಾಡದಿದ್ದರೆ ಎರಡನೇ ಪಟ್ಟು ಇದೆಯಾ? ಕಾಲೇಜಿನಿಂದ ಬಂದ ಮುಕ್ಕಾಲು ಪಾಲು ಹುಡುಗರ ಹತ್ತಿರ ಒಂದೇ ಪಟ್ಟು ಇರುತ್ತದೆ. ಅಲ್ಲಿ ಅದೇ ಸಾಕಾಗಿರುತ್ತದೆ, ಎದುರಿಗೆ ನಿಂತವನು ಹತ್ತೊಂಬತ್ತರ ಹುಡುಗ. ಇಲ್ಲಿ ಎದುರಿಗೆ ನಿಲ್ಲುವವನು ಮೂವತ್ತೆರಡರ ಟ್ಯಾಕಲ್ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ದೈತ್ಯ), ಎರಡು ಮಕ್ಕಳ ತಂದೆ, ನಿನ್ನಂಥವರನ್ನು ನೂರು ಜನ ನೋಡಿದವನು. ಆ ಒಂದು ಪಟ್ಟನ್ನು ಮೊದಲ ತಿಂಗಳಲ್ಲೇ ಓದಿಬಿಡುತ್ತಾನೆ. ಆಮೇಲೆ ಹುಡುಗ ಏನು ಮಾಡುತ್ತಾನೆ, ಅದು ನಿಜವಾದ ಪರೀಕ್ಷೆ.

ಸ್ಯಾಕ್ ವಿಷಯ. ಅದು ಕ್ರಿಕೆಟ್‌ನ ವಿಕೆಟ್ ಇದ್ದ ಹಾಗೆ. ಒಂದು ತುದಿಯಲ್ಲಿ ಕಟ್ಟಿಹಾಕುವವನು ಒಬ್ಬ, ಇನ್ನೊಂದು ತುದಿಯಲ್ಲಿ ವಿಕೆಟ್ ತಗೊಳ್ಳುವವನು ಇನ್ನೊಬ್ಬ. ಸೀಸನ್ನಿನ ಮೊದಲ ಮ್ಯಾಚ್ ನೆನಪಿದೆಯಾ, ಸಿಯಾಟಲ್‌ನಲ್ಲಿ 17-13? ಕೊನೆಗೆ ಬೋಸಾ ಆ ರೈಟ್ ಟ್ಯಾಕಲ್‌ನನ್ನೇ ಹಿಂದಕ್ಕೆ ತಳ್ಳಿಕೊಂಡು ಹೋಗಿ ಕ್ವಾರ್ಟರ್‌ಬ್ಯಾಕ್ ಡಾರ್ನಾಲ್ಡ್ ಮೇಲೆ ಬೀಳಿಸಿದ. ಚೆಂಡು ಜಾರಿತು, ಬೋಸಾನೇ ಹಿಡಿದ. ಅಲ್ಲಿ ಓಟ ಇರಲಿಲ್ಲ, ಚಳಕ ಇರಲಿಲ್ಲ. ಕೈ ಒಳಗೆ, ಸೊಂಟ ಕೆಳಗೆ, ಅಷ್ಟೇ.

ಹುಬ್ಬಳ್ಳಿ_ಬಸು

ಗಣಿ ಅವರ ಮಾತು ಖರೇ ರೀ. ಆದ್ರ ಒಂದ್ ಸೇರಸ್ತೀನಿ. ಮೈಕೆಲ್ ಜಾರ್ಜಿಯಾದಾಗ ಆಡಿದ್ದ ಆಟ ಬ್ಯಾರೆ, ಇಲ್ಲಿ ಆಡಸೋ ಆಟ ಬ್ಯಾರೆ.

ಜಾರ್ಜಿಯಾದಲ್ಲಿ ಎಡ್ಜ್ (ಸಾಲಿನ ತುದಿಯಲ್ಲಿ ನಿಲ್ಲುವ) ಹುಡುಗನಿಗೆ ಹೇಳುವುದು: ಟ್ಯಾಕಲ್‌ನನ್ನು ಹಿಡಿದು ನಿಲ್ಲು, ಓಟ ಯಾವ ಕಡೆ ಬರುತ್ತೆ ನೋಡು, ಆಮೇಲೆ ಬಿಡಿಸಿಕೊಂಡು ಹೋಗು. ಇಲ್ಲಿ ಕೋಚ್ ಕ್ರಿಸ್ ಕೊಕುರೆಕ್ ಹೇಳುವುದು ಪೂರ್ತಿ ಉಲ್ಟಾ: ಎದುರಾಳಿ ಸಾಲಿನ ತುದಿಯ ಟೈಟ್ ಎಂಡ್‌ನಿಂದಲೂ ಆಚೆ ಅಗಲವಾಗಿ ನಿಲ್ಲು, ಚೆಂಡು ಅಲ್ಲಾಡಿದರೆ ಬಾಣದ ಹಾಗೆ ನುಗ್ಗು, ಓಟವನ್ನು ದಾರಿಯಲ್ಲಿ ನೋಡಿಕೋ. ಇದನ್ನೇ ವೈಡ್ ನೈನ್ ಅನ್ನುವುದು. ಮೂರು ವರ್ಷ "ತಡಿ, ನೋಡು" ಅಂತ ಕಲಿತ ಕಾಲುಗಳಿಗೆ "ಓಡು" ಅಂತ ಹೇಳಿದರೆ ಒಂಬತ್ತು ಮ್ಯಾಚಿನಲ್ಲಿ ಬದಲಾಗುವುದಿಲ್ಲ. ಅದರ ಮೇಲೆ 2024ರಲ್ಲಿ ಕಾಲೇಜಿನಲ್ಲಿ ಪಾದದ ಕೀಲು ಉಳುಕಿಸಿಕೊಂಡೇ ಅರ್ಧ ಸೀಸನ್ ಆಡಿದ್ದಾನೆ. ಡ್ರಾಫ್ಟ್ ದಿನ ಅವನಿಗೆ ಇಪ್ಪತ್ತೇ ವಯಸ್ಸು ರೀ!

ಡಲ್ಲಾಸ್_ದಾಸ

ನೈನರ್ಸ್ ಫ್ಯಾನ್‌ಗಳ ಕಥೆ ಯಾವಾಗಲೂ ಹೀಗೇ. "ವಯಸ್ಸು ಚಿಕ್ಕದು, ಕೈ ಉದ್ದ, ಮುಂದೆ ನೋಡಿ." ಕಿನ್ಲಾ ಬಗ್ಗೆಯೂ ಇದನ್ನೇ ಹೇಳಿದ್ದಿರಿ. ಸಾಲೊಮನ್ ಥಾಮಸ್ ಬಗ್ಗೆಯೂ ಇದನ್ನೇ.

ಫ್ರೀಮಾಂಟ್_ಪದ್ದು

ಇದಕ್ಕೆ ಮಾತ್ರ ದಾಸಪ್ಪ ಸರಿ ಹೇಳಿದ್ದಾರೆ. ನಾನು ಲೆಕ್ಕ ತೆಗೆದು ಕೂತಿದ್ದೇನೆ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ, ಆದರೂ ಬರೆಯುತ್ತೇನೆ.

2015ರಿಂದ ಈಚೆಗೆ ನೈನರ್ಸ್ ಮೊದಲ ಸುತ್ತಿನಲ್ಲಿ ಆರು ಸಲ ಡಿ-ಲೈನ್ ಹುಡುಗರನ್ನೇ ತಗೊಂಡಿದ್ದಾರೆ. 2015 ಆರ್ಮ್‌ಸ್ಟೆಡ್ (17), 2016 ಬಕ್ನರ್ (7), 2017 ಥಾಮಸ್ (3), 2019 ಬೋಸಾ (2), 2020 ಕಿನ್ಲಾ (14), 2025 ಮೈಕೆಲ್ (11).

ಇದರಲ್ಲಿ ಆರ್ಮ್‌ಸ್ಟೆಡ್ ಕಥೆ ಕೇಳಿ. ಮೊದಲ ನಾಲ್ಕು ವರ್ಷ ಸೇರಿಸಿದರೆ ಒಂಬತ್ತು ಸ್ಯಾಕ್. ಸೋಶಿಯಲ್ ಮೀಡಿಯಾದಲ್ಲಿ ದಿನಾ ಬೈಗುಳ. ಐದನೇ ವರ್ಷ, 2019ರಲ್ಲಿ, ಒಂದೇ ಸೀಸನ್‌ಗೆ ಹತ್ತು. ಅದು ಹೇಗೆ? ಅದೇ ವರ್ಷ ಕೊಕುರೆಕ್ ಬಂದ, ಬೋಸಾ ಬಂದ, ಡೀ ಫೋರ್ಡ್ ಬಂದ. ಪಕ್ಕದ ಮನೆಯವರು ಬದಲಾದ ಮೇಲೆ ಇವನ ಆಟ ಕಂಡಿತು.

ಥಾಮಸ್ ಕಥೆ ಅದರ ಉಲ್ಟಾ. ಮೂರನೇ ನಂಬರಿಗೆ ತಗೊಂಡರು, ಮೂರು ವರ್ಷದಲ್ಲಿ 3, 1, 2 ಸ್ಯಾಕ್. ಆಮೇಲೆ 2020ರಲ್ಲಿ ಎಸಿಎಲ್. ಅವನನ್ನು ಸಾಲಿನ ಒಳಗೆ ಆಡಿಸಬೇಕೋ ಹೊರಗೆ ಆಡಿಸಬೇಕೋ ಅಂತ ಇವರಿಗೆ ಕೊನೆವರೆಗೂ ಗೊತ್ತಾಗಲಿಲ್ಲ. ನಾನು ಹುಡುಗನನ್ನು ಬೈಯುವುದಿಲ್ಲ, ಜಾಗ ಗೊತ್ತಿಲ್ಲದೆ ತಗೊಂಡವರನ್ನು ಬೈಯುತ್ತೇನೆ. (ಆ ವರ್ಷ ಹತ್ತನೇ ನಂಬರಿಗೆ ಯಾರು ಹೋದರು ಅಂತ ದಯವಿಟ್ಟು ಯಾರೂ ನೆನಪಿಸಬೇಡಿ.)

ಡಲ್ಲಾಸ್_ದಾಸ

ಪ್ಯಾಟ್ರಿಕ್ ಮಹೋಮ್ಸ್, ಕನ್ಸಾಸ್ ಸಿಟಿಯ ಸ್ಟಾರ್ ಕ್ವಾರ್ಟರ್‌ಬ್ಯಾಕ್.

ಫ್ರೀಮಾಂಟ್_ಪದ್ದು

ಬೇಡ ಅಂದೆ ತಾನೇ!!

ಪುತ್ತೂರು_ಪಚ್ಚು

ಪದ್ದಕ್ಕ, ಬಕ್ನರ್ ವಿಷಯ ಹೇಳದೆ ದಾಟಿಬಿಟ್ಟಿರಲ್ಲ ಮಾರಾಯ್ರೆ. ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ. 2018ರಲ್ಲಿ 12 ಸ್ಯಾಕ್ ಹೊಡೆದವನು. ಅವನನ್ನು 2020ರ ಮಾರ್ಚಲ್ಲಿ ಕೋಲ್ಟ್ಸ್‌ಗೆ ಕೊಟ್ಟು 13ನೇ ನಂಬರ್ ತಗೊಂಡರು, ಅದರಿಂದ ಒಂದು ಹೆಜ್ಜೆ ಕೆಳಗೆ ಇಳಿದು ಕಿನ್ಲಾನನ್ನು ತಗೊಂಡರು. ಅಲ್ಲಿ ಹೋದ ಮೊದಲ ವರ್ಷವೇ ಬಕ್ನರ್ ಆಲ್-ಪ್ರೋ, ಅಂದರೆ ಆ ವರ್ಷದ ಅತ್ಯುತ್ತಮರ ಪಟ್ಟಿಯಲ್ಲಿ. ಇಲ್ಲಿ ಕಿನ್ಲಾ ಮೊದಲ ವರ್ಷ ಒಂದೂವರೆ ಸ್ಯಾಕ್, ಎರಡನೇ ವರ್ಷ ನಾಲ್ಕು ಮ್ಯಾಚಿಗೇ ಮೊಣಕಾಲಿನ ಆಪರೇಶನ್.

ಬೆಳೆದ ತೆಂಗಿನ ಮರ ಕೊಟ್ಟು ಸಸಿ ತಂದ ಹಾಗೆ ಆಯಿತು. ಸಸಿಗೆ ಬೇರಿಗೇ ಹುಳ.

ಗರಡಿಮನೆ_ಗಣಿ

ಪಚ್ಚು, ದುಡ್ಡಿನ ಲೆಕ್ಕವೂ ಇತ್ತಲ್ಲ. ಆರ್ಮ್‌ಸ್ಟೆಡ್, ಬಕ್ನರ್ ಇಬ್ಬರಿಗೂ ದೊಡ್ಡ ಕಾಂಟ್ರ್ಯಾಕ್ಟ್ ಕೊಡುವುದಕ್ಕೆ ಸ್ಯಾಲರಿ ಕ್ಯಾಪ್ (ಟೀಮಿನ ಸಂಬಳದ ಮಿತಿ) ಬಿಡುತ್ತಿರಲಿಲ್ಲ. ಒಬ್ಬನನ್ನು ಉಳಿಸಿಕೊಂಡರು. ತಪ್ಪು ಒಬ್ಬನನ್ನು ಉಳಿಸಿಕೊಂಡರು ಅಂತ ನೀವು ಹೇಳಬಹುದು, ಅದು ಬೇರೆ ಜಗಳ.

ಪುತ್ತೂರು_ಪಚ್ಚು

ಅದೇ ಜಗಳ ಮಾಡುವುದಕ್ಕೆ ಬಂದದ್ದು ನಾನು. ಸೂಪರ್ ಬೌಲ್ ಫೈನಲ್‌ನಲ್ಲಿ ಆ ಥರ್ಡ್ ಅಂಡ್ ಫಿಫ್ಟೀನ್ (ಮೂರನೇ ಪ್ರಯತ್ನ, ಇನ್ನೂ ಹದಿನೈದು ಗಜ ಬೇಕು) ನೆನಪು ಮಾಡಿಕೊಳ್ಳಿ. ಮಹೋಮ್ಸ್ ಹಿಂದೆ ಹಿಂದೆ ಹೋಗುತ್ತಾನೆ, ಬಕ್ನರ್ ಇನ್ನೇನು ಮುಟ್ಟುತ್ತಾನೆ, ಅರ್ಧ ಸೆಕೆಂಡ್. ಚೆಂಡು ಹೋಗಿ 44 ಗಜ ಆಚೆ ಟೈರೀಕ್ ಹಿಲ್ ಕೈಗೆ ಬಿತ್ತು. ಲೆಕ್ಕದ ಪುಸ್ತಕದಲ್ಲಿ ಆ ಆಟಕ್ಕೆ ಬಕ್ನರ್ ಹೆಸರಲ್ಲಿ ಸ್ಯಾಕ್ ಇಲ್ಲ. ಆದರೆ ಅವನು ಸೋತನಾ? ಇಲ್ಲ ಅಲ್ವಾ? ಸೀನಣ್ಣನ ಪ್ರಶ್ನೆಗೆ ನನ್ನ ಉತ್ತರ ಅದೇ.

ಬನಶಂಕರಿ_ಬಾಲು

ಬೆಂಗಳೂರಿಂದ ಒಂದು ಮಾತು. ನಾವು ಈ ಮ್ಯಾಚ್‌ಗಳನ್ನು ರಾತ್ರಿ ಹನ್ನೊಂದೂವರೆಗೆ, ಇಲ್ಲ ಬೆಳಗಿನ ಜಾವ ಮೂರಕ್ಕೆ ಎದ್ದು ನೋಡುವವರು. ಜೈಂಟ್ಸ್ ಮ್ಯಾಚ್ ದಿನ ನಾನು ಎದ್ದೇ ಇದ್ದೆ. ಒಂದು ಪ್ರಶ್ನೆ: ಅದೇ ಮೆಟ್‌ಲೈಫ್ ಸ್ಟೇಡಿಯಂನಲ್ಲೇ 2020ರಲ್ಲಿ ಬೋಸಾ, ಥಾಮಸ್ ಇಬ್ಬರ ಮೊಣಕಾಲೂ ಒಂದೇ ದಿನ ಹೋಗಿತ್ತಲ್ಲ? ಅದೇ ಹಾಳು ಪ್ಲಾಸ್ಟಿಕ್ ಟರ್ಫ್ ಮೇಲೆ ಯಾಕೆ ಆಡಿಸುತ್ತಾರೆ?

ಗರಡಿಮನೆ_ಗಣಿ

ಬಾಲು ಸಾರ್, ಸಣ್ಣ ತಿದ್ದುಪಡಿ. ಟರ್ಫ್ ಅದೇ ಅಲ್ಲ, 2023ರಲ್ಲಿ ಬದಲಾಯಿಸಿದ್ದಾರೆ.

ಬನಶಂಕರಿ_ಬಾಲು

ಬದಲಾಯಿಸಿದ ವರ್ಷವೇ ಜೆಟ್ಸ್ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಅದರ ಮೇಲೆ ಮೊದಲ ಮ್ಯಾಚಿನ ನಾಲ್ಕೇ ಆಟಕ್ಕೆ ಹಿಮ್ಮಡಿ ನರ ಕಿತ್ತುಕೊಂಡ. ಏನು ಬದಲಾಯಿಸಿದರೋ ದೇವರಿಗೇ ಗೊತ್ತು.

ಹುಬ್ಬಳ್ಳಿ_ಬಸು

2025ರಲ್ಲಿ ಬೋಸಾ ಬಿದ್ದದ್ದು ಲೀವೈಸ್‌ನ ಖರೇ ಹುಲ್ಲಿನ ಮ್ಯಾಲ ರೀ. ಹುಲ್ಲು ಇದ್ದರೂ ಹೋಗುತ್ತದೆ, ಪ್ಲಾಸ್ಟಿಕ್ ಇದ್ದರೂ ಹೋಗುತ್ತದೆ. ನನಗೂ ಹುಲ್ಲೇ ಬೇಕು, ಆದರೆ ಪೂರ್ತಿ ತಪ್ಪು ಅದರ ಮೇಲೆ ಹಾಕುವುದು ಬೇಡ.

ನೈನರ್_ಅಮ್ಮ

ಡಾಕ್ಟರ್‌ಗಳ ಹಾಗೆ ಎಲ್ಲರೂ ಮೊಣಕಾಲಿನ ಮೇಲೇ ನಿಂತುಬಿಟ್ಟಿರಿ! ಮೂಲ ಪ್ರಶ್ನೆಗೆ ನಾನು ಬೇರೆ ಕಡೆಯಿಂದ ಬರುತ್ತೇನೆ.

ನನ್ನ ಮಗ ಹೈಸ್ಕೂಲಿನಲ್ಲಿ ಡಿಫೆನ್ಸಿವ್ ಟ್ಯಾಕಲ್, ಡಿ-ಲೈನ್‌ನ ಒಳಗೆ ನಿಲ್ಲುವವನು. ಹೌದು, ನಮ್ಮ ಹಾಸನದ ಕಡೆ ಮೈಕಟ್ಟು, ಮುದ್ದೆ ಸಾರಿನ ಹೊಟ್ಟೆ. ಶುರುವಿನಲ್ಲಿ ಅವನು ಆಟದಲ್ಲಿ ಏನು ಮಾಡುತ್ತಾನೆ ಅಂತಲೇ ನನಗೆ ಕಾಣುತ್ತಿರಲಿಲ್ಲ. ಮ್ಯಾಚ್ ಮುಗಿದ ಮೇಲೆ "ಚೆನ್ನಾಗಿ ಆಡಿದೆ ಮಗಾ" ಅಂದರೆ "ಯಾವ ಆಟ ಅಮ್ಮಾ?" ಅಂತ ಕೇಳುತ್ತಿದ್ದ, ನನಗೆ ಉತ್ತರ ಇಲ್ಲ. ಒಂದು ದಿನ ಗ್ಯಾರೇಜಿನಲ್ಲಿ ಅಭ್ಯಾಸಕ್ಕೆ ನನ್ನನ್ನೇ ನಿಲ್ಲಿಸಿದ. ಪೊರಕೆ ಕೋಲಿನ ತುದಿಗೆ ಹಳೇ ಟೆನಿಸ್ ಬಾಲ್ ಕಟ್ಟಿದ್ದ. ನಾನು ಅದನ್ನು ನೆಲಕ್ಕೆ ತಾಗಿಸಿ ಹಿಡಿದುಕೊಂಡು ಕೂರಬೇಕು. ಬಾಯಲ್ಲಿ ಕ್ವಾರ್ಟರ್‌ಬ್ಯಾಕ್ ಥರ "ಹಟ್, ಹಟ್" ಅಂತ ಕೂಗಬೇಕು, ಆದರೆ ಕೋಲು ಅಲ್ಲಾಡಿಸಬಾರದು. ಯಾವಾಗಲೋ ಒಮ್ಮೆ ಕೂಗದೆ ಸುಮ್ನೆ ಅಲ್ಲಾಡಿಸಬೇಕು. ಅವನು ಒಂದು ಕೈ ನೆಲಕ್ಕೆ ಊರಿ, ಬೆರಳಿನ ತುದಿ ಬಿಳುಪಾಗುವಷ್ಟು ಭಾರ ಹಾಕಿ, ಕತ್ತು ಎತ್ತಿ ಆ ಬಾಲನ್ನೇ ನೋಡುತ್ತಾನೆ. ನನ್ನ ಕೂಗಿಗೆ ಕದಲಬಾರದು, ಬಾಲ್ ಕದಲಿದರೆ ಆ ಕ್ಷಣವೇ ಮುಂದಿರುವ ಹಾಸಿಗೆ ಮೇಲೆ ಎರಗಬೇಕು.

ಮೊದಲ ವಾರ ಹತ್ತರಲ್ಲಿ ಆರು ಸಲ ನನ್ನ ಕೂಗಿಗೇ ಬಿದ್ದ. ಎರಡು ತಿಂಗಳ ಮೇಲೆ ನಾನು ಎಷ್ಟು ಕಿರುಚಿದರೂ ಕಲ್ಲು. ಆ ಸೀಸನ್‌ನಲ್ಲಿ ಅವನ ಸ್ಯಾಕ್ ಎಷ್ಟು ಗೊತ್ತಾ? ಸೊನ್ನೆ. ಆದರೆ ಕೋಚ್ ಅವನನ್ನು ಎರಡನೇ ತಂಡದಿಂದ ಮೊದಲನೇದಕ್ಕೆ ಹಾಕಿದರು. ಅಂದಿನಿಂದ ನಾನು ಯಾವ ಮ್ಯಾಚ್ ನೋಡಿದರೂ ಮೊದಲು ನೋಡುವುದು ಆ ಕೈ.

ಸನ್ನಿವೇಲ್_ಸೀನ

ಅಮ್ಮಾವ್ರೇ, ಇಂಥ ಉತ್ತರಕ್ಕೇ ಕಾಯುತ್ತಿದ್ದೆ. 🙏 ಪೊರಕೆ ಕೋಲು ನಮ್ಮ ಮನೆಯಲ್ಲೂ ಇದೆ, ಮಗಳು ಮಾತ್ರ ಸಾಕರ್ ಅನ್ನುತ್ತಾಳೆ.

ಮಂಡ್ಯ_ಮಧು

ಎಲ್ಲರೂ ಮೈಕೆಲ್ ಮೈಕೆಲ್ ಅಂತೀರಿ. ಕಾಲಿನ್ಸ್ ಬಗ್ಗೆ ಒಂದು ಮಾತಿಲ್ಲ. ಈ ಗುಂಪಿನಲ್ಲಿ ನನ್ನ ಫೇವರಿಟ್ ಅವನೇ.

ಡಲ್ಲಾಸ್_ದಾಸ

ಕಾಲಿನ್ಸ್‌ನ ಮಾರ್ಚಲ್ಲೇ ತೆಗೆದುಹಾಕಿದರಲ್ಲ?

ಮಂಡ್ಯ_ಮಧು

ಅವನು ಮಲೀಕ್ ಕಾಲಿನ್ಸ್. ಇವನು ಆಲ್‌ಫ್ರೆಡ್ ಕಾಲಿನ್ಸ್, ಟೆಕ್ಸಸ್ ಯೂನಿವರ್ಸಿಟಿ. ನಿಮ್ಮ ಊರ ಕಡೆ ಹುಡುಗನೇ, ಅದೂ ಗೊತ್ತಿಲ್ಲವಾ?

330 ಪೌಂಡ್ ಮೇಲಿದ್ದಾನೆ, ನಮ್ಮ ಲೆಕ್ಕದಲ್ಲಿ ಒಂದೂವರೆ ಕ್ವಿಂಟಲ್. ಒಳಗಡೆ ನಿಲ್ಲುವವನು. ಇಂಥವನ ಕೆಲಸ ಸ್ಯಾಕ್ ಹೊಡೆಯುವುದಲ್ಲ. ಇಬ್ಬರನ್ನು ಮೈಮೇಲೆ ಎಳೆದುಕೊಂಡು ಹಿಂದಿರುವ ಲೈನ್‌ಬ್ಯಾಕರ್‌ಗೆ ದಾರಿ ಬಿಡಿಸುವುದು. ಕೃತಜ್ಞತೆ ಇಲ್ಲದ ಕೆಲಸ, ಮದುವೆ ಮನೆಯಲ್ಲಿ ಒಲೆ ಮುಂದೆ ನಿಂತವನ ಹಾಗೆ.

ಆದರೂ ಅಕ್ಟೋಬರ್ 2ರ ರಾಮ್ಸ್ ಮ್ಯಾಚ್ ನೋಡಿದಿರಾ? ನಾವು 23-20 ಮುಂದೆ. ಒಂದು ನಿಮಿಷದಷ್ಟು ಉಳಿದಿದೆ. ರಾಮ್ಸ್ ನಮ್ಮ ಮೂರು ಗಜದ ಗೆರೆ ಹತ್ತಿರ. ನಾನು ಟಿವಿ ಆಫ್ ಮಾಡುವುದಕ್ಕೆ ರಿಮೋಟ್ ಕೈಗೆ ತಗೊಂಡಿದ್ದೆ. ಅವರ ಕ್ವಾರ್ಟರ್‌ಬ್ಯಾಕ್ ಸ್ಟ್ಯಾಫರ್ಡ್ ಚೆಂಡನ್ನು ಓಟಗಾರ ಕೈರನ್ ವಿಲಿಯಮ್ಸ್‌ಗೆ ಕೊಟ್ಟ. ಆ ಜನರಾಶಿಯ ಮಧ್ಯದಿಂದ ಕಾಲಿನ್ಸ್ ಕೈ ಒಂದೇ ಒಂದು ಬಂತು, ಚೆಂಡಿಗೆ ಗುದ್ದಿತು. ಚೆಂಡು ಜಾರಿತು. ಅದರ ಮೇಲೆ ಬಿದ್ದವನೂ ಅವನೇ! ಆಮೇಲೆ ರಾಮ್ಸ್ ಫೀಲ್ಡ್ ಗೋಲ್ ಹೊಡೆದು ಸಮ ಮಾಡಿ ಓವರ್‌ಟೈಮ್‌ಗೆ ಎಳೆದರು, ನಾವು 26-23 ಗೆದ್ದೆವು. ಆ ಕೈ ಇಲ್ಲದಿದ್ದರೆ ಓವರ್‌ಟೈಮೂ ಇಲ್ಲ, ಗೆಲುವೂ ಇಲ್ಲ.

ಪುತ್ತೂರು_ಪಚ್ಚು

ಅದು ಒಂದು ಆಟ ಮಧು. ಒಂದು ಆಟ ನೋಡಿ ಮರುಳಾಗಬೇಡಿ. ಡ್ರೇಕ್ ಜಾಕ್ಸನ್ ನೆನಪಿದೆಯಾ? 2023ರ ಮೊದಲ ಮ್ಯಾಚ್, ಪಿಟ್ಸ್‌ಬರ್ಗ್‌ನಲ್ಲಿ ಒಂದೇ ದಿನ ಮೂರು ಸ್ಯಾಕ್. ಮಾರನೇ ದಿನ ಎಲ್ಲರೂ "ಬೋಸಾಗೆ ಜೋಡಿ ಸಿಕ್ಕಿತು" ಅಂತ ಪಟಾಕಿ ಹೊಡೆದರು. ಆ ಸೀಸನ್‌ನಲ್ಲಿ ಮತ್ತೆ ಒಂದೂ ಬರಲಿಲ್ಲ. ಆಮೇಲೆ ಮೊಣಕಾಲು.

ಹುಬ್ಬಳ್ಳಿ_ಬಸು

ಹಂಗಂದ್ರ ಕೆಳಗಿನ ಸುತ್ತಿನ ಹುಡುಗರ ಕಥೀನೂ ಹೇಳಬೇಕಲ್ರೀ. ಡಿ.ಜೆ. ಜೋನ್ಸ್ ಆರನೇ ಸುತ್ತು. ಐದು ವರ್ಷ ಇಲ್ಲಿ ಗೋಡೆ ಹಾಗೆ ನಿಂತು, ಆಮೇಲೆ ಡೆನ್ವರ್‌ಗೆ ಹೋಗಿ ಒಳ್ಳೆ ದುಡ್ಡು ಮಾಡಿದ. ಆರ್ಡನ್ ಕೀಯನ್ನು ರೇಡರ್ಸ್ ಬಿಟ್ಟಿದ್ದರು, ಕೊಕುರೆಕ್ ಒಳಗೆ ನಿಲ್ಲಿಸಿ 2021ರಲ್ಲಿ ಆರೂವರೆ ಸ್ಯಾಕ್ ತೆಗೆಸಿದ. 2025ರಲ್ಲಿ ನಮ್ಮಲ್ಲಿಗೆ ಬಂದ ಬ್ರೈಸ್ ಹಫ್‌ನನ್ನು ಡ್ರಾಫ್ಟ್‌ನಲ್ಲಿ ಯಾರೂ ಕೇಳಿರಲೇ ಇಲ್ಲ. ನಾಲ್ಕನೇ ವರ್ಷ ಜೆಟ್ಸ್‌ನಲ್ಲಿ ಹತ್ತು ಹೊಡೆದ. ಈಗಲ್ಸ್‌ಗೆ ಹೋದ, ಬರೀ ಎರಡೂವರೆ.

ಅದೇ ಹುಡುಗ, ಅದೇ ಕಾಲು. ಕೆಲಸ ಬದಲಾಯಿತು, ಅಂಕಿ ಬದಲಾಯಿತು. ಅದಕ್ಕೇ 113ಕ್ಕೆ ಬಂದ ವೆಸ್ಟ್ ಮೇಲೂ ನನಗೆ ಆಸೆ ಇದೆ. ಕೆಂಟ್ ಸ್ಟೇಟ್‌ನಂಥ ಸಣ್ಣ ಜಾಗದಿಂದ ಇಂಡಿಯಾನಾಕ್ಕೆ ಬಂದು ಮೇಲೆ ಹತ್ತಿದವನು.

ಡಲ್ಲಾಸ್_ದಾಸ

ಕೋಚ್ ಅಷ್ಟು ಜಾಣ ಆದರೆ ಮೊದಲ ಸುತ್ತಿನ ಪಿಕ್ ಆರು ಸಲ ಯಾಕೆ ಸುಡಬೇಕಿತ್ತು? ಆರನೇ ಸುತ್ತಿನವರನ್ನೇ ತಿದ್ದಬಹುದಿತ್ತಲ್ಲ. ತಮಾಷೆಗೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಗರಡಿಮನೆ_ಗಣಿ

ನಿಜವಾದ ಪ್ರಶ್ನೆ, ಹಾಗಾಗಿ ನಿಜವಾದ ಉತ್ತರ. ಪಟ್ಟು ಕಲಿಸಬಹುದು ದಾಸಣ್ಣ, ಎತ್ತರ ಮತ್ತು ತೋಳು ಕಲಿಸುವುದಕ್ಕೆ ಆಗುವುದಿಲ್ಲ. 260 ಪೌಂಡ್ ತೂಗಿಯೂ ಚಿರತೆ ಹಾಗೆ ತಿರುಗುವ ಮೈ ಇರುವವರು ದೇಶದಲ್ಲೇ ಬೆರಳೆಣಿಕೆ. ಅವರು ಮೊದಲ ಇಪ್ಪತ್ತರಲ್ಲೇ ಖಾಲಿ. ಆರನೇ ಸುತ್ತಿನವನು ಗೋಡೆ ಆಗಬಹುದು, ಬೋಸಾ ಆಗುವುದು ಕಷ್ಟ.

ಆದರೆ ಒಂದು ಒಪ್ಪುತ್ತೇನೆ. ಮೈಕೆಲ್‌ನನ್ನು ಇವರು ಎಲ್ಲಿ ಆಡಿಸುತ್ತಾರೆ ಅನ್ನುವುದೇ ನನ್ನ ಭಯ. ಓಟದ ಆಟಕ್ಕೆ ಹೊರಗೆ, ಪಾಸಿನ ಆಟಕ್ಕೆ ಒಳಗೆ ಅಂತ ಅಲ್ಲಿಗೂ ಇಲ್ಲಿಗೂ ತಳ್ಳಿದರೆ ಥಾಮಸ್ ಕಥೆ. ಒಂದು ಜಾಗ ಕೊಟ್ಟು ಬಿಟ್ಟರೆ ಆರ್ಮ್‌ಸ್ಟೆಡ್ ಕಥೆ.

ಫ್ರೀಮಾಂಟ್_ಪದ್ದು

ಆರ್ಮ್‌ಸ್ಟೆಡ್ ಕೂಡ ಒಳಗೆ ಹೊರಗೆ ಎರಡೂ ಕಡೆ ಆಡಿದವನೇ ಗಣಿ. ನಿಮ್ಮ ವಾದ ಅಲ್ಲಿ ಕುಂಟುತ್ತದೆ.

ಗರಡಿಮನೆ_ಗಣಿ

ಆಡಿದ, ಒಪ್ಪಿದೆ. ಆದರೆ ಯಾವಾಗ ಎಲ್ಲಿ ಅಂತ 2019ರಲ್ಲಿ ಗಟ್ಟಿಯಾಯಿತು. ಸರಿ, ಅರ್ಧ ಪಾಯಿಂಟ್ ನಿಮಗೆ.

ಫ್ರೀಮಾಂಟ್_ಪದ್ದು

ಅರ್ಧ ಸಾಕು, ಸ್ಯಾಕಲ್ಲೂ ಅರ್ಧ ಕೊಡುತ್ತಾರೆ. 😄

ಸೀನ, "ಎಷ್ಟು ವರ್ಷ" ಅಂದೆಯಲ್ಲ. ಟೀಮಿನವರಿಗೇ ಒಂದು ಗಡುವು ಇದೆ. ಮೊದಲ ಸುತ್ತಿನ ಹುಡುಗನಿಗೆ ನಾಲ್ಕು ವರ್ಷದ ಕಾಂಟ್ರ್ಯಾಕ್ಟ್, ಐದನೇದು ಬೇಕಾ ಬೇಡವಾ ಅಂತ ಮೂರು ಸೀಸನ್ ಆದ ಮೇಲೆ ಹೇಳಬೇಕು. ಮೈಕೆಲ್‌ಗೆ ಅದು 2028ರ ಬೇಸಿಗೆ ಹೊತ್ತಿಗೆ. ಆರ್ಮ್‌ಸ್ಟೆಡ್‌ಗೆ ಐದನೇ ವರ್ಷ ಕೊಟ್ಟರು, ಆ ಹತ್ತು ಸ್ಯಾಕ್ ಬಂದದ್ದು ಆ ವರ್ಷವೇ. ಥಾಮಸ್‌ಗೂ ಕಿನ್ಲಾಗೂ ಕೊಡಲಿಲ್ಲ. ಕಾಲಿನ್ಸ್ ಎರಡನೇ ಸುತ್ತು, ಅವನಿಗೆ ಆ ಐದನೇ ವರ್ಷದ ಮಾತೇ ಇಲ್ಲ.

ಮೊಣಕಾಲಿನ ಭಯ ಇರುವವರಿಗೆ ಇನ್ನೊಂದು: ಬೋಸಾ 2020ರಲ್ಲಿ ಎಸಿಎಲ್ ಕಳೆದುಕೊಂಡು 2021ರಲ್ಲಿ ಹದಿನೈದೂವರೆ ಹೊಡೆದ. ಎಲ್ಲರೂ ಬೋಸಾ ಅಲ್ಲ, ಅದು ನನಗೂ ಗೊತ್ತು.

ಬನಶಂಕರಿ_ಬಾಲು

ಕಿನ್ಲಾನೂ ಪೂರ್ತಿ ಮುಗಿದಿಲ್ಲ. ಜೆಟ್ಸ್‌ಗೆ ಹೋಗಿ ನಾಲ್ಕೂವರೆ ಹೊಡೆದ, 2025ರಲ್ಲಿ ವಾಷಿಂಗ್ಟನ್ ಮೂರು ವರ್ಷಕ್ಕೆ 45 ಮಿಲಿಯನ್ ಡಾಲರ್ ಕೊಟ್ಟಿತು. ಆ ದುಡ್ಡಲ್ಲಿ ನಮ್ಮ ಬನಶಂಕರಿಯಲ್ಲಿ ಸೈಟ್ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿ ನಿದ್ದೆ ಹಾಳು ಮಾಡಿಕೊಂಡೆ.

ಮಂಡ್ಯ_ಮಧು

ಎಷ್ಟು ಬಂತು?

ಬನಶಂಕರಿ_ಬಾಲು

ಬ್ರೋಕರ್ ಕಮಿಷನ್ ಹೋದರೆ ಒಂದು ಬೀದಿ.

ಸನ್ನಿವೇಲ್_ಸೀನ

ಎಲ್ಲ ಓದಿಕೊಂಡು ನಿನ್ನೆ ರಾತ್ರಿ ಆ ರಾಮ್ಸ್ ಮ್ಯಾಚನ್ನು ಮತ್ತೆ ಹಾಕಿದೆ. ಚೆಂಡು ನೋಡಬಾರದು ಅಂತ ಶಪಥ. ಬರೀ 95, ಕಾಲಿನ್ಸ್. ಎಷ್ಟು ಕಷ್ಟ ಗೊತ್ತಾ? ಕಣ್ಣು ತಾನಾಗೇ ಕ್ವಾರ್ಟರ್‌ಬ್ಯಾಕ್ ಕಡೆ ಓಡುತ್ತದೆ. ಕೊನೆಗೆ ಪರದೆಯ ಆ ಭಾಗವನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದೆ.

ಪಕ್ಕದ ಸೀಟಿನವನಿಗೆ ಇವತ್ತು ಹೇಳಿದೆ, 2028ರವರೆಗೆ ಬಾಯಿ ಮುಚ್ಚಿಕೊಂಡಿರು ಅಂತ. ಐದು ಡಾಲರ್ ಪಂದ್ಯ ಕಟ್ಟಿದ್ದೇನೆ. ಮನೆಯಲ್ಲಿ ಮಾತ್ರ ಮರ್ಯಾದೆ ಹೋಯಿತು. ಹೆಂಡತಿ ಬಂದು "ಸ್ಕೋರ್ ಎಷ್ಟು?" ಅಂದಳು. ನೋಡೇ ಇರಲಿಲ್ಲ.

ನೈನರ್_ಅಮ್ಮ

ಶಹಬ್ಬಾಸ್ ಸೀನ. ಮುಂದಿನ ಸಲ ಕೈ ನೆಲಕ್ಕೆ ಊರುವುದನ್ನು ನೋಡು.

ಡಲ್ಲಾಸ್_ದಾಸ

ಐದು ಡಾಲರ್‌ಗೆ ನನ್ನನ್ನೂ ಸೇರಿಸಿಕೊಳ್ಳಿ, ಬಸ್ಟ್ ಕಡೆ. ಮತ್ತೆ ಆ ಪೊರಕೆ ಕೋಲಿನ ಫೋಟೊ ಯಾರಾದರೂ ಹಾಕಿ.